ತುಟಿ ನೋಡಿ ಕಲಿತ ಹೆಸರು

ಗಡಹಿಂಗ್ಲಜದಿಂದ ಬೆಳಿಗ್ಗೆ ಆರೂವರೆಯ ಕೊಲ್ಹಾಪುರ ಬಸ್ಸು ಹತ್ತಿದಾಗ ನನ್ನ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಒಂದು ಹೆಸರು. ಅದನ್ನು ಸರಿಯಾಗಿ ಕರೆಯುವುದನ್ನು ಕಲಿತು ಮೂರನೆಯ ದಿನದ ಪಂದ್ಯಕ್ಕೆ ನಾನು ಹಿಂತಿರುಗಬೇಕಿತ್ತು. ಇಲ್ಲದಿದ್ದರೆ ಹದಿನೆಂಟು ವರ್ಷ ನನ್ನ ಕೈಯಲ್ಲಿದ್ದ ಮೈಕು ಸಾವಂತ ಸರ್ ಕೈಗೆ ಹೋಗುತ್ತಿತ್ತು.

ನಮ್ಮೂರಲ್ಲಿ ದೀಪಾವಳಿ ಎಂದರೆ ಪಟಾಕಿಗಿಂತ ಫುಟ್‌ಬಾಲ್ ದೊಡ್ಡದು. ಹೊರಗಿನ ತಂಡಗಳು ಬರುತ್ತವೆ, ಅವುಗಳ ಜೊತೆ ಪರದೇಶದ ಆಟಗಾರರೂ ಬರುತ್ತಾರೆ. ನಾನು ಮೆಣಸಿನಕಾಯಿ ವ್ಯಾಪಾರಿ. ಆ ದಿನಗಳಲ್ಲಿ ಮಾತ್ರ ಘೋಷಕ. ಆಟ ಶುರುವಾಗುವ ಮೊದಲು ನಾನು ಒಬ್ಬೊಬ್ಬರ ಹೆಸರು ಕೂಗಬೇಕು, ಅವರು ಒಂದು ಹೆಜ್ಜೆ ಮುಂದೆ ಬಂದು ಕೈ ಎತ್ತಬೇಕು, ಜನ ಚಪ್ಪಾಳೆ ಹೊಡೆಯಬೇಕು. ಕಳೆದ ವರ್ಷ ಐವರಿ ಕೋಸ್ಟ್ ದೇಶದ ಹುಡುಗನೊಬ್ಬನ ಹೆಸರನ್ನು ಅಕ್ಷರ ಬಿಡದೆ ‘ಗುಯಿಲ್ಲೌಮೆ’ ಎಂದು ಮೂರು ಸಲ ಕೂಗಿದೆ. ಅವನು ಅಲುಗಲಿಲ್ಲ. ಹೆಸರಿಗೆ ಓಗೊಡದವನು ಆ ಮನುಷ್ಯನೇ ಅಲ್ಲ, ಬೇರೆಯವರ ಹೆಸರಲ್ಲಿ ಆಡಲು ಬಂದಿದ್ದಾನೆ ಎಂದು ಎದುರು ತಂಡದವರು ತಕರಾರು ತೆಗೆದರು. ಅವನ ಗುರುತಿನ ಚೀಟಿಯನ್ನು ಎಲ್ಲರೆದುರು ತಿರುವಿ ತಿರುವಿ ನೋಡಿ ಆಮೇಲೆ ಆಡಲು ಬಿಟ್ಟರು. ಈ ವರ್ಷ ಅವನು ಮತ್ತೆ ಬರುವವನಿದ್ದ. ಪಂದ್ಯಾವಳಿಯ ಅಧ್ಯಕ್ಷರು ನನ್ನನ್ನು ಕರೆದು, “ಹೆಸರ ಕಲ್ತ ಬರ್ರಿ, ಇಲ್ಲಾಂದ್ರ ಸಾವಂತ ಸರ್ ಅದಾರ,” ಎಂದರು. ಸಾವಂತ ಸರ್ ಇಂಗ್ಲಿಷ್ ಶಾಲೆಯ ಮಾಸ್ತರು. ಆ ತಕರಾರಿನ ಹಿಂದೆ ಅವರ ಕೈ ಇತ್ತೆಂದು ನನಗೆ ಆಗಲೇ ಗುಮಾನಿ ಇತ್ತು.

ಗುಮಾನಿ ನನ್ನ ಕಸುಬಿನ ಗುಣ. ಚೀಲದ ಬಾಯಿಗಿಟ್ಟ ಕೆಂಪು ಕಾಯಿ ನೋಡಿ ಬೆಲೆ ಕಟ್ಟಿದವನು ಕೆಟ್ಟ. ತಳದ ತನಕ ಕೈ ಹಾಕಬೇಕು. ಸಂಕೇಶ್ವರದಲ್ಲಿ ಗಡಿ ದಾಟಿ ಕರ್ನಾಟಕಕ್ಕೆ ಬಂದು, ನಿಪ್ಪಾಣಿ ಕಳೆದ ಮೇಲೆ ಮತ್ತೆ ಮಹಾರಾಷ್ಟ್ರ ಸೇರುವ ಆ ಬಸ್ಸಿನಲ್ಲಿ ಎರಡು ತಾಸೂ ಆ ಚೀಟಿಯನ್ನೇ ನೋಡುತ್ತ ಕುಳಿತೆ. ಪಕ್ಕದವನು ಇಣುಕಿ ನೋಡಿದ. ಮಡಚಿ ಒಳಗಿಟ್ಟೆ.

ಕೊಲ್ಹಾಪುರದಲ್ಲಿ ಸೆಕೆ ಇತ್ತು. ನಿಲ್ದಾಣದ ಹತ್ತಿರ ಖಾರದ ಕಾಳಿನ ಮಿಸಳ ತಿಂದು, ಕಣ್ಣು ಮೂಗು ಒರೆಸಿಕೊಂಡು, ನಾನು ಆರು ತಿಂಗಳಿಂದ ಭಾನುವಾರಕ್ಕೊಮ್ಮೆ ಹೋಗುವ ಇಂಗ್ಲಿಷ್ ಕ್ಲಾಸಿಗೆ ನಡೆದೆ. ಕಲಿಸುವ ರೇಖಾ ಮೇಡಂ ಸಂಕೇಶ್ವರದ ಕಡೆಯವರು, ಕೊಲ್ಹಾಪುರಕ್ಕೆ ಸೊಸೆಯಾಗಿ ಬಂದವರು. ಅಂದಿನ ಪಾಠವೂ ಪರದೇಶದ ಹೆಸರುಗಳದ್ದೇ ಆಗಿತ್ತು. ಹುಪರಿಯ ಬೆಳ್ಳಿ ವ್ಯಾಪಾರಿಯೊಬ್ಬರು ತಮ್ಮ ಗಿರಾಕಿಯ ಹೆಸರು ಹಲಗೆಯ ಮೇಲೆ ಬರೆದರು. ಎಸ್, ಐ, ಓ, ಬಿ, ಎಚ್ ಎಂದೆಲ್ಲ ಇದ್ದ ಅದನ್ನು ‘ಶಿವಾನ್’ ಎಂದು ಓದಬೇಕಂತೆ. “ಮತ್ತ ಆ ಬಿ ಎಲ್ಲಿಗೆ ಹೋತ್ರಿ?” ಎಂದೆ. ಚೀಲದ ಮೇಲೆ ಬರೆದ ತೂಕ ಒಳಗಿಲ್ಲದಿದ್ದರೆ ನಮ್ಮ ಪೇಟೆಯಲ್ಲಿ ಅದಕ್ಕೆ ಬೇರೆ ಹೆಸರಿದೆ.

ನನ್ನ ಚೀಟಿ ತೋರಿಸಿದೆ. ಮೇಡಂ ಫೋನಿಗೆ ಕೇಳಿದರು. ಅದರೊಳಗಿನ ಹೆಂಗಸು ‘ಗಿಲ್ಲೋಮ್’ ಎಂದಳು. ಇನ್ನೊಂದು ಕಡೆ ಒತ್ತಿದರೆ ಒಬ್ಬ ಗಂಡಸು ಬೇರೆಯೇ ಏನೋ ಅಂದ.

“ಇದು ಫ್ರೆಂಚ್ ಹೆಸರ ಇದ್ದಂಗೈತ್ರಿ. ನಾ ಖಾತ್ರಿ ಕೊಡೂದಿಲ್ಲ,” ಎಂದರು ಮೇಡಂ. “ಆ ಮನಷ್ಯಾಗ ಕೇಳೂದ ಚಲೋ.”

ಆರು ತಿಂಗಳು ಫೀ ತೆಗೆದುಕೊಂಡವರು ಹೀಗೆ ಕೈ ಜಾಡಿಸಿದರೆ ಯಾರಿಗೆ ಸಂಶಯ ಬರುವುದಿಲ್ಲ? ಹೊರಡುವಾಗ ಗೋಡೆಯ ಮೇಲಿನ ಫೋಟೊ ಕಂಡಿತು. ಕ್ಲಾಸಿನ ಉದ್ಘಾಟನೆಗೆ ರಿಬ್ಬನ್ ಕತ್ತರಿಸುತ್ತಿದ್ದವರು ಸಾಕ್ಷಾತ್ ಸಾವಂತ ಸರ್! ಕಳ್ಳ ಸಿಕ್ಕ ಅಂದುಕೊಂಡೆ. ಮೇಡಂ ಬಾಗಿಲ ತನಕ ಬಂದು, “ಯಾಕ್ರಿ ಮಲ್ಲಿಕಾರ್ಜುನ ಅವರ, ಮಾರಿ ಬಿಳುಪಾಗೈತಿ?” ಎಂದು ಕೇಳಿದರು. ಮಿಸಳ ಖಾರವಿತ್ತು ಎಂದೆ. ಮೂವತ್ತು ವರ್ಷ ಮೆಣಸಿನಕಾಯಿ ಮಾರಿದವನು ಹೇಳಬಾರದ ಸುಳ್ಳು ಅದು.

ರಾತ್ರಿ ಕೊಲ್ಹಾಪುರದಲ್ಲೇ ಕಳೆದು, ಮರುದಿನ ಬೆಳಿಗ್ಗೆ ಇಚಲಕರಂಜಿಯ ಬಸ್ಸು ಹಿಡಿದೆ. ಮೇಡಂ ಹೇಳಿದರೆಂದಲ್ಲ, ಬೇರೆ ದಾರಿ ಇರಲಿಲ್ಲವೆಂದು. ಆ ಹುಡುಗ ಅಲ್ಲೇ ಕಾಲೇಜು ಓದುತ್ತ, ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದಾನೆಂದು ಅವನ ತಂಡದವರಿಂದ ತಿಳಿದಿತ್ತು. ಶಿರೋಳಿಯ ಫೌಂಡ್ರಿಗಳನ್ನು ದಾಟಿ, ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ಒಂದು ತಾಸಿಗೂ ಹೆಚ್ಚು ಹಿಡಿಯಿತು. ಓಣಿಗೆ ಕಾಲಿಟ್ಟರೆ ಎರಡೂ ಕಡೆ ಪವರ್‌ಲೂಮಿನ ಖಟಖಟ. ನನ್ನ ಮಾತು ನನಗೇ ಕೇಳಿಸಲಿಲ್ಲ.

ಮನೆಯ ಒಡತಿ ಶಾಂತವ್ವ, ರಬಕವಿ ಕಡೆಯಿಂದ ಬಂದ ಹೆಂಗಸು, ನಾಲ್ಕು ಮಗ್ಗಗಳ ನಡುವೆ ನಿಂತಿದ್ದರು. ಹುಡುಗ ಎಲ್ಲಿ ಎಂದು ನಾನು ಕೂಗಿ ಕೇಳಿದೆ. ಅವರು ನನ್ನ ಬಾಯಿ ನೋಡಿ, ಹೊರಗೆ ಬಂದು ಹೇಳಿದರು:

“ಗಿಯೋಮ್ ಕಾಲೇಜಿಗೆ ಹೋಗ್ಯಾನ್ರಿ. ಊಟದ ಹೊತ್ತಿಗೆ ಬರ್ತಾನ. ಕುಂಡ್ರಿ.”

“ಗಿಯೋಮ್ ಅಲ್ರಿ ಅಕ್ಕಾ,” ಎಂದೆ, ಆರು ತಿಂಗಳು ಇಂಗ್ಲಿಷ್ ಓದಿದ ಗತ್ತಿನಲ್ಲಿ. “ಗಿಲ್ಲೋಮ್. ನಡುವ ಎರಡು ಎಲ್ ಅದಾವ.”

“ಇರಬೇಕ್ರಿ. ನನಗ ಓದಾಕ ಬರೂದಿಲ್ಲ. ನಾ ಅವನ ಬಾಯಾಗ ಹೆಂಗ ಬರ್ತೈತಿ ಹಂಗ ಅಂತೇನಿ.”

ಓದಲು ಬಾರದ ಹೆಂಗಸು ನನಗೆ ಇಂಗ್ಲಿಷ್ ಹೇಳುವುದೇ ಎಂದು ಒಳಗೇ ನಕ್ಕೆ. ಅವರು ಅಂಗಳದ ಕಟ್ಟೆಯ ಮೇಲೆ ಕೂರಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಉಂಡೆ.

ಹುಡುಗ ಬಂದ. ನನ್ನನ್ನು ನೋಡಿದ ಕೂಡಲೇ ಬಾಗಿಲಲ್ಲೇ ನಿಂತ. ಹಿಂದಿ, ಇಂಗ್ಲಿಷ್ ಬೆರೆಸಿ ಆಡಿದ ಅವನ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ನೀವು ಗಡಹಿಂಗ್ಲಜದ ಮೈಕಿನವರು. ಮತ್ತೆ ಕಾಗದಪತ್ರ ನೋಡಲು ಬಂದಿರಾ?”

“ಇಲ್ಲ. ನಿಮ್ಮ ಹೆಸರು ಕೇಳಲು ಬಂದೆ.”

“ಯಾರು ಕಳಿಸಿದರು?”

ಜೀವನವಿಡೀ ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಅದು. ನನಗೆ ಯಾರೂ ಕೇಳಿರಲಿಲ್ಲ. ತನ್ನ ಹೆಸರು ಹೇಳಿದರೆ ಇವನು ಅದನ್ನು ಯಾವ ತಕರಾರಿನ ಅರ್ಜಿಗೆ ಸೇರಿಸುತ್ತಾನೋ ಎಂಬಂತೆ ಅವನು ನನ್ನನ್ನೇ ನೋಡುತ್ತಿದ್ದ.

“ಕಳೆದ ವರ್ಷ ನನ್ನ ಗುರುತಿನ ಚೀಟಿ ನೋಡುತ್ತಿದ್ದಾಗ ನೀವು ಮೈಕಿನಲ್ಲಿ ಏನೋ ಅಂದಿರಿ. ಇಡೀ ಮೈದಾನ ನಕ್ಕಿತು. ಏನಂದಿರಿ?”

ಇದನ್ನು ನಾನು ಮೇಲೆ ಬರೆಯಲಿಲ್ಲ, ಬರೆಯಲು ನಾಚಿಕೆಯಾಗಿತ್ತು. “ಸ್ವತಾಚ ನಾವ ವಿಸರಲಾ ಕಾಯ್?” ಎಂದು ಮರಾಠಿಯಲ್ಲಿ ಅಂದಿದ್ದೆ. ತನ್ನ ಹೆಸರನ್ನೇ ಮರೆತನೇನು ಅಂತ. ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ, “ತಪ್ಪಾಯಿತು,” ಎಂದೆ. ಸಾವಂತ ಸರ್ ಮೇಲೆ ಒಂದು ವರ್ಷ ಹೊರಿಸಿದ್ದು ನನ್ನ ಪಾಪವೇ ಎಂದು ಆ ಕಟ್ಟೆಯ ಮೇಲೆ ಕುಳಿತಾಗ ನನಗೆ ಗೊತ್ತಾಯಿತು.

ಅವನು ಹೆಗಲ ಚೀಲ ಇಳಿಸಿ ಕೆಳಗಿಟ್ಟ. ಆಮೇಲೆ, “ನಿಮ್ಮ ಹೆಸರೇನು?” ಎಂದು ಕೇಳಿದ.

“ಮಲ್ಲಿಕಾರ್ಜುನ.”

“ಮಲಿ... ಮಲಿಕಾ...”

“ಇರಲಿ, ಮಲ್ಲು ಎನ್ನಿ ಸಾಕು.”

“ಬೇಡ. ಇನ್ನೊಮ್ಮೆ ಹೇಳಿ.” ಅವನು ಎದುರಿಗೆ ಕುಳಿತ. “ನಾನೂ ಇಲ್ಲಿ ಎಲ್ಲರಿಗೂ ‘ಏನಾದರೂ ಕರೆಯಿರಿ’ ಎನ್ನುತ್ತೇನೆ. ಆಮೇಲೆ ಯಾರನ್ನು ಕರೆದರೆಂದೇ ಗೊತ್ತಾಗುವುದಿಲ್ಲ. ಮಗ್ಗದಮ್ಮ ಒಬ್ಬರೇ ಸರಿಯಾಗಿ ಕರೆಯುವುದು.”

ನಾನು ಅವರನ್ನೇ ತಿದ್ದಿದ್ದೆ. ಶಾಂತವ್ವನ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅವರೇ ಹತ್ತಿರ ಬಂದರು.

“ನೀವು ಚೀಟಿ ನೋಡಾಕತ್ತೀರಿ, ಸಾಹೇಬ್ರ. ಮಗ್ಗದ ಸಪ್ಪಳದಾಗ ನಮ್ಮ ಕಿವಿ ಕೆಲಸ ಮಾಡೂದಿಲ್ಲ. ನಾವು ತುಟಿ ನೋಡಿ ಮಾತ ತಿಳಕೋತೀವಿ. ಚೀಟಿ ಕಿಸೆದಾಗ ಇಡ್ರಿ. ಅವನ ತುಟಿ ನೋಡ್ರಿ.”

ಇಟ್ಟೆ. ಅವನು ನಿಧಾನವಾಗಿ ಹೇಳಿದ. ತುಟಿ ಮೊದಲು ಅಗಲವಾಗಿ, ಆಮೇಲೆ ಗುಂಡಗಾಗಿ ಮುಚ್ಚಿದವು. ಗಿಯೋಮ್. ನಾನು ಹೇಳಿದೆ. ಅವನು ಅಲ್ಲವೆಂದು ತಲೆಯಾಡಿಸಿ, ಮತ್ತೆ ತೋರಿಸಿದ. ಹೀಗೆ ಅವನದು ನಾನು, ನನ್ನದು ಅವನು, ಒಂದು ತಾಸು ಮುಖ ನೋಡಿಕೊಂಡು ಹೇಳಿಕೊಂಡೆವು. ಮಗ್ಗದವರು ಬಂದು ಬಂದು ನೋಡಿ ನಕ್ಕು ಹೋದರು. ಹೊರಡುವ ಹೊತ್ತಿಗೆ ಅವನ ಬಾಯಲ್ಲಿ ‘ಮಲ್ಲಿಕಾರ್ಜುನ’ ಒಂದೇ ಸಲಕ್ಕೆ ಬಂತು. ಶಾಂತವ್ವನಿಗೆ ಕೈ ಮುಗಿದು ನಿಪ್ಪಾಣಿಯ ಬಸ್ಸು ಹತ್ತಿ, ಅಲ್ಲಿಂದ ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದೆ.

ಮೂರನೆಯ ದಿನ ಮೈದಾನ ತುಂಬಿತ್ತು. ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಸಾವಂತ ಸರ್ ಕುಳಿತಿದ್ದರು. ಮೈಕಿನಿಂದ ಒಂದು ಮೊಳ ದೂರ. ಒಂಬತ್ತು ಹೆಸರು ಸಲೀಸಾಗಿ ಹೋದವು. ಹತ್ತನೆಯದು ಅವನದು.

“ಗಿಯೋಮ್!”

ಅವನು ಹೆಜ್ಜೆ ಎತ್ತುವ ಮೊದಲೇ ಎದುರು ತಂಡದ ಮ್ಯಾನೇಜರ್ ಆಟಗಾರರ ಯಾದಿ ಹಿಡಿದು ಓಡಿ ಬಂದ. ಯಾದಿಯಲ್ಲಿ ಇರುವ ಹೆಸರೇ ಬೇರೆ, ಕಳೆದ ವರ್ಷ ಕೂಗಿದ್ದೂ ಇದಲ್ಲ, ಇದರಲ್ಲಿ ಏನೋ ಮೋಸ ಇದೆ ಎಂದು ಗದ್ದಲ ಎಬ್ಬಿಸಿದ. ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದು, “ಕಾಗದದಾಗ ಇದ್ದಂಗ ಓದ್ರಿ, ಯಾಕ ತಂಟೆ?” ಎಂದರು. ಸಾವಂತ ಸರ್ ಮೈಕಿನ ಕಡೆ ಕೈ ಚಾಚಿದರು. ಸೀಟಿ, ಕೂಗು, ಪಟಾಕಿ. ಧ್ವನಿವರ್ಧಕದಲ್ಲಿ ಏನು ಅಂದರೂ ಯಾರಿಗೂ ಕೇಳುವಂತಿರಲಿಲ್ಲ.

ಸಾಲಿನಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ. ಮತ್ತೆ ಗುರುತಿನ ಚೀಟಿ ತೆಗೆಯಬೇಕೆಂದು ಅವನ ಕೈ ಆಗಲೇ ಕಿಸೆಗೆ ಹೋಗುತ್ತಿತ್ತು.

ನಾನು ಮೈಕು ಮೇಜಿನ ಮೇಲಿಟ್ಟೆ. ವೇದಿಕೆಯ ಅಂಚಿಗೆ ಹೋಗಿ ಅವನು ತಲೆ ಎತ್ತುವ ತನಕ ಕಾದೆ. ಎತ್ತಿದ. ಸದ್ದಿಲ್ಲದೆ, ಬರೀ ತುಟಿಯಲ್ಲಿ ಅವನ ಹೆಸರು ಹೇಳಿದೆ.

ಅವನು ಒಂದು ಹೆಜ್ಜೆ ಮುಂದೆ ಬಂದು ಕೈ ಎತ್ತಿದ.

ಮೊದಲು ಹತ್ತಿರದವರು, ಆಮೇಲೆ ದೂರದವರು ಚಪ್ಪಾಳೆ ಹೊಡೆದರು. ಹೆಸರಿಗೆ ಓಗೊಟ್ಟವನ ಮೇಲೆ ತಕರಾರು ಉಳಿಯಲಿಲ್ಲ, ಮ್ಯಾನೇಜರ್ ಯಾದಿ ಮಡಚಿಕೊಂಡು ಹೋದ. ಅಧ್ಯಕ್ಷರು ಮೈಕನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಮುಂದಿನ ಹೆಸರ ಓದ್ರಿ,” ಎಂದರು.

ಆಟ ಶುರುವಾದ ಮೇಲೆ ಸಾವಂತ ಸರ್ ನನ್ನ ಕಡೆ ಬಾಗಿ, ಯಾವ ಕ್ಲಾಸಿನಲ್ಲಿ ಕಲಿತಿರಿ ಎಂದು ಮೆಲ್ಲಗೆ ಕೇಳಿದರು. ಇಚಲಕರಂಜಿಯಲ್ಲಿ, ಓದಲು ಬಾರದ ಒಬ್ಬ ನೇಕಾರ ಹೆಂಗಸಿನ ಕಟ್ಟೆಯ ಮೇಲೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಆ ನೋಟ ನನಗೆ ಚೆನ್ನಾಗಿ ಗೊತ್ತು. ಎರಡು ದಿನ ಅದನ್ನೇ ಹೊತ್ತು ನಾನು ಊರೂರು ತಿರುಗಿ ಬಂದಿದ್ದೆ.