ತೂಬಿನ ಬಳಿಯ ಒಪ್ಪಂದ

ಮಾನ್ವಿಯ ಹೈಸ್ಕೂಲಿನಲ್ಲಿ ಶಶಿಕಲಾ ಟೀಚರು ಇಪ್ಪತ್ತೆರಡು ವರ್ಷದಿಂದ ಇತಿಹಾಸ ಕಲಿಸುತ್ತಿದ್ದಾರೆ. ರಾಷ್ಟ್ರಸಂಘದ ಪಾಠ ಅವರಿಗೆ ಕಣ್ಣು ಮುಚ್ಚಿದರೂ ಬರುತ್ತದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ದೇಶಗಳು ಕಟ್ಟಿಕೊಂಡ ಆ ಸಂಘದ ಉಪಾಯ ಸರಳವಾಗಿತ್ತು: ಜಗಳವನ್ನು ಮೊದಲು ಪಂಚರ ಮುಂದಿಡಬೇಕು, ತೀರ್ಪಾದ ಮೇಲೂ ಮೂರು ತಿಂಗಳು ಯುದ್ಧಕ್ಕಿಳಿಯಬಾರದು, ಮೀರಿದವನೊಂದಿಗೆ ಉಳಿದವರೆಲ್ಲ ಕೊಡುಕೊಳ್ಳುವುದು ಬಿಡಬೇಕು. ಕೊನೆಗೆ ಸಂಘವೇಕೆ ಸೋತಿತೆಂದು ಕೇಳಿದರೆ, "ಸ್ವಂತ ಸೈನ್ಯ ಇರಲಿಲ್ಲ" ಎಂದು ಮಕ್ಕಳಿಂದ ಹೇಳಿಸುತ್ತಿದ್ದರು.

ಅವರ ತವರು ಕಾಲುವೆಯ ತುದಿಯ ಹಳ್ಳಿ. ಅಲ್ಲಿಗೆ ನೀರು ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ. ಪ್ರತಿ ಮುಂಗಾರಿನಲ್ಲೂ ತೂಬಿನ ಬಳಿ ಯಾರದೋ ತಲೆ ಒಡೆಯುತ್ತಿತ್ತು. ಹೋದ ವರ್ಷ ಟೀಚರು ಆ ತೂಬಿನ ನೀರು ಹಂಚಿಕೊಳ್ಳುವ ಎಂಟು ಮನೆಯವರನ್ನು ಕೂಡಿಸಿ ಅದೇ ಪಾಠವನ್ನು ಕಾಗದಕ್ಕಿಳಿಸಿದರು.

"ಮೂರು ತಿಂಗಳು ಕುಂತ್ರ ನೆಲ್ಲು ಒಣಗಿ ಹುಲ್ಲಾಗ್ತದ ಯವ್ವಾ," ಎಂದು ಮುದುಕಿ ಬಂಡೆಮ್ಮ ನಕ್ಕಳು. ಕಾಗದದಲ್ಲಿ ಮೂರು ತಿಂಗಳು ಹೋಗಿ ಮೂರು ದಿನವಾಯಿತು. ಮೀರಿದವನ ಗದ್ದೆಗೆ ಯಾರೂ ಮುಯ್ಯಾಳಾಗಿ ಹೋಗಬಾರದು ಎಂದೂ ಬರೆದರು. ಒಬ್ಬರ ನಾಟಿಗೆ ಇನ್ನೊಬ್ಬರ ಮನೆಯವರೇ ಆಳಾಗುವ ಊರಿನಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಎಂಟೂ ಮನೆಯವರು ಸಹಿ ಹಾಕಿದರು.

ಈ ವರ್ಷ ಮೊದಲು ಮೀರಿದವನು ಟೀಚರ ತಮ್ಮ ಪಂಪಾಪತಿ. ಪಕ್ಕದ ಗದ್ದೆಯ ಉರುಕುಂದಪ್ಪನ ನೀರಿನ ಪಾಳಿಯಲ್ಲಿ ತೂಬು ಎತ್ತಿದ. ಕೇಳಲು ಬಂದವನಿಗೆ ಸಲಿಕೆಯ ಕಾವಿನಿಂದ ಹೊಡೆದ. ಊರೆಲ್ಲ ಟೀಚರ ಮುಖ ನೋಡಿತು. ಪ್ರತಿ ವರ್ಷ ರಜೆ ಹಾಕಿ ಬಂದು ತಮ್ಮನ ಗದ್ದೆಯಲ್ಲಿ ಮೊದಲ ಸಸಿ ಹಚ್ಚುವವರು ಅವರೇ.

"ಅಕ್ಕಾ, ನೀ ಒಬ್ಬಾಕಿ ಗದ್ದಿಗೆ ಇಳದ್ರ ಸಾಕು, ಎಲ್ಲಾರೂ ಬರ್ತಾರ," ಎಂದ ಪಂಪಾಪತಿ.

"ಗೊತ್ತದಪ. ಅದಕ್ಕ ಇಳಿಯಂಗಿಲ್ಲ."

ಹೇಳಿದ್ದೇನೋ ಗಟ್ಟಿಯಾಗಿಯೇ, ಬಸ್ಸಿನಲ್ಲಿ ಮಾನ್ವಿಯವರೆಗೆ ಅತ್ತರು. ನಾಟಿಗೆ ಆಳು ಸಿಗದೆ ಮಡಿಯಲ್ಲೇ ಸಸಿ ಬಲಿಯತೊಡಗಿದಾಗ ಪಂಪಾಪತಿ ಉರುಕುಂದಪ್ಪನ ಮನೆಗೆ ಹೋಗಿ ತಪ್ಪೊಪ್ಪಿಕೊಂಡ. ಮರುದಿನವೇ ಏಳು ಮನೆಯವರು ಗದ್ದೆಗಿಳಿದರು. ತೂಬಿನ ಬಳಿ ಮತ್ತೆ ಯಾರೂ ಕೈ ಎತ್ತಲಿಲ್ಲ.

ನಾಗರಪಂಚಮಿ ಬಂತು. ಅಕ್ಕನನ್ನು ತವರಿಗೆ ಕರೆಯಲು ತಪ್ಪದೆ ಬರುತ್ತಿದ್ದ ತಮ್ಮ ಈ ಸಲ ಬರಲಿಲ್ಲ. ಟೀಚರು ಸಂಜೆಯವರೆಗೂ ಬಾಗಿಲು ಹಾಕಲಿಲ್ಲ.

ಮರುವಾರ ಅದೇ ಪಾಠ. "ಮೀರಿದವ್ರನ್ನ ಉಳಿದ ದೇಶದವ್ರು ದೂರ ಇಡಬೇಕಿತ್ತಲ್ರೀ ಟೀಚರ್. ಯಾಕ ಇಡಲಿಲ್ಲ?" ಎಂದು ಮುಂದಿನ ಬೆಂಚಿನ ನಗ್ಮಾ ಕೇಳಿದಳು.

ಟೀಚರು ಸೈನ್ಯದ ಮಾತೆತ್ತಲಿಲ್ಲ.

"ದೂರ ಇಟ್ಟವ್ರಿಗೆ ತವರು ತಪ್ತದವ್ವಾ," ಎಂದರು.