ಬಾನ್ ಮಿ ತಿಂದ ಶನಿವಾರಗಳು

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಐವತ್ತು ವರ್ಷ ನಂಬಿಕೊಂಡಿದ್ದೆ. ಬರುತ್ತದೆ. ಒಂದು ಸ್ಯಾಂಡ್‌ವಿಚ್ ತಿನ್ನುತ್ತಾ ನಾಲ್ಕು ತಿಂಗಳು ಗಂಡನಿಗೆ ಸುಳ್ಳು ಹೇಳಿದ್ದೇನೆ, ಅದೂ ಮುಖ ನೋಡಿಕೊಂಡೇ.

ಶುರುವಾದದ್ದು ಜ್ವರದಿಂದ. ಆ ಚಳಿಗಾಲ ಲಂಡನ್ ಅಂಚಿನ ಇಲ್ಫರ್ಡ್‌ನ ನಮ್ಮ ಮನೆಗೆ ಬಂದ ಜ್ವರ ಇಬ್ಬರನ್ನೂ ಮಲಗಿಸಿತು. ಗಂಡ ವಾರದೊಳಗೆ ಎದ್ದು ಓಡಾಡಿದರು. ನಾನೂ ಎದ್ದೆ, ಆದರೆ ನನ್ನ ಮೂಗು ಏಳಲಿಲ್ಲ. ಒಗ್ಗರಣೆ ಹಾಕಿದರೆ ಸಾಸಿವೆಯ ಚಟಪಟ ಕೇಳಿಸುತ್ತಿತ್ತು, ಅಷ್ಟೇ. ಸಾರು ಎಂದರೆ ಉಪ್ಪು ಹುಳಿಯ ಬಿಸಿನೀರು. ಇಡ್ಲಿ ಎಂದರೆ ಒದ್ದೆ ಹತ್ತಿ. ಮೈಸೂರಿನಿಂದ ತರಿಸಿಕೊಂಡ ಕಾಫಿಪುಡಿ ಬರೀ ಕಹಿ. ಎರಡು ತುತ್ತು ನುಂಗಿ ತಟ್ಟೆಯನ್ನು ಬದಿಗೆ ತಳ್ಳುತ್ತಿದ್ದೆ. ನೋಡನೋಡುತ್ತಾ ರವಿಕೆಗಳು ಸಡಿಲವಾದವು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಗಂಡ ನನ್ನ ತಟ್ಟೆಯನ್ನೇ ನೋಡುತ್ತಿದ್ದರು.

ದಿನಾ ಬೆಳಿಗ್ಗೆ ನಾಲ್ಕು ಗಾಢವಾದ ವಾಸನೆಗಳನ್ನು ಮೂಸಿ ನೋಡಿದರೆ ಮೂಗಿಗೆ ಮತ್ತೆ ರೂಢಿಯಾಗಬಹುದು ಎಂದು ನಮ್ಮ ಜಿಪಿ ಡಾಕ್ಟರು ಹೇಳಿದರು. ನನ್ನ ಗಂಡನ ಉದ್ಯೋಗವೇ ಸಾಫ್ಟ್‌ವೇರ್ ಟೆಸ್ಟಿಂಗ್. ಅಂಥವರ ಕೈಗೆ ಇಂಥ ಕೆಲಸ ಸಿಕ್ಕರೆ ಕೇಳಬೇಕೆ! ಲವಂಗ, ಇಂಗು, ಕಾಫಿಪುಡಿ, ನಿಂಬೆಸಿಪ್ಪೆ, ನಾಲ್ಕು ಪುಟ್ಟ ಸ್ಟೀಲ್ ಡಬ್ಬಿ. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಸಾಲಾಗಿ ಜೋಡಿಸಿಕೊಂಡು ಕಾಯುತ್ತಿದ್ದರು.

“ಕಣ್ಮುಚ್ಚು. ಇದೇನು ಹೇಳು?”

“ಗೊತ್ತಾಗ್ತಿಲ್ಲ ರೀ.”

“ಇನ್ನೊಂದ್ಸಲ. ಜೋರಾಗಿ ಎಳ್ಕೋ.”

ನಾನು ಮೊದಲೇ ಮುಂಗೋಪಿ. ಎರಡು ತಿಂಗಳು ಸಹಿಸಿಕೊಂಡದ್ದೇ ದೊಡ್ಡದು. ಆದರೆ ನಿಜವಾಗಿ ತಡೆಯಲಾಗದ್ದು ಅವರ ಮುಖ. ಆಸೆಯಿಂದ ನನ್ನತ್ತ ಬಾಗುತ್ತಿತ್ತು, ನಾನು ಇಲ್ಲವೆಂದು ತಲೆಯಾಡಿಸಿದ ಕೂಡಲೇ ಸಪ್ಪಗಾಗುತ್ತಿತ್ತು. ಒಂದು ಶನಿವಾರ ಕಣ್ಣನ್ನು ಚೂರೇ ಚೂರು ತೆರೆದು, ಡಬ್ಬಿಯೊಳಗೆ ಕದ್ದು ನೋಡಿ, “ಇಂಗು” ಎಂದುಬಿಟ್ಟೆ.

ಅವರು ಕುಣಿದಾಡುವುದೊಂದು ಬಾಕಿ. “ಇವತ್ತು ಮನೇಲಿ ತಿಂಡಿ ಬೇಡ. ಹೊರಡು, ನಮ್ಮ ಆಫೀಸ್ ಹತ್ರ ಒಂದು ಕಡೆ ಕರ್ಕೊಂಡು ಹೋಗ್ತೀನಿ,” ಎಂದರು.

ಎಲಿಜಬೆತ್ ಲೈನ್ ರೈಲು ಹಿಡಿದು ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ಇಳಿದೆವು. ಅಲ್ಲಿಂದ ಹತ್ತು ನಿಮಿಷ ನಡೆದರೆ ಒಂದು ಗಲ್ಲಿ, ಗಲ್ಲಿಯ ಬಾಯಲ್ಲೇ ವಿಯೆಟ್ನಾಂನ ಹೆಂಗಸೊಬ್ಬರ ತಳ್ಳುಗಾಡಿ. ಗೇಣುದ್ದದ ಬ್ರೆಡ್ಡನ್ನು ಬಿಸಿ ಮಾಡಿ, ಉದ್ದಕ್ಕೆ ಸೀಳಿ, ಹುರಿದ ತೋಫು ಎಂಬ ಸೋಯಾ ಪನೀರು, ವಿನೆಗರ್‌ನಲ್ಲಿ ನೆನೆದ ಕ್ಯಾರೆಟ್ ಮತ್ತು ಮೂಲಂಗಿ, ಸೌತೆಕಾಯಿ, ಹಸಿಮೆಣಸಿನಕಾಯಿ, ಮೇಲೊಂದು ಹಿಡಿ ಕೊತ್ತಂಬರಿಯನ್ನು ದಂಟಿನ ಸಮೇತ ತುಂಬಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಹೆಸರು ಬಾನ್ ಮಿ. ಮೀನಿನ ಸಾಸ್ ಬೇಡವೆಂದು ಗಂಡ ಎರಡು ಸಲ ಹೇಳಿದರು, ಆಕೆ ಎರಡು ಸಲವೂ ತಾಳ್ಮೆಯಿಂದ ತಲೆಯಾಡಿಸಿದರು.

ಎದುರಿನ ಮೋಟುಗೋಡೆಯ ಮೇಲೆ ಕೂತು ಕಚ್ಚಿದೆ. ಕರುಮ್ ಎಂದಿತು. ಆ ಸದ್ದು ತಲೆಯೊಳಗೆಲ್ಲ ಕೇಳಿಸಿತು. ಆಮೇಲೆ ಹುಳಿ, ಹಿಂದೆಯೇ ಸಿಹಿ, ತಣ್ಣನೆಯ ಸೌತೆಕಾಯಿ, ಅಷ್ಟರಲ್ಲಿ ಮೆಣಸಿನಕಾಯಿ ಸಿಕ್ಕಿ ಕಣ್ಣಲ್ಲಿ ನೀರು. ವಾಸನೆಯೇ ಗೊತ್ತಾಗದವಳಿಗೂ ಅದರಲ್ಲಿ ತಿನ್ನುವುದಕ್ಕೆ ಇಷ್ಟೊಂದು ಇತ್ತು! ತಿಂಗಳುಗಟ್ಟಲೆ ಆದಮೇಲೆ ನನಗೆ ಹಸಿವಾಗಿತ್ತು. ಕೊನೆಗೆ ಕಾಗದದ ಮೇಲೆ ಉದುರಿದ್ದ ಚೂರುಗಳನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದೆ. ಗಂಡ ತಮ್ಮದನ್ನು ಮರೆತು ನನ್ನನ್ನೇ ನೋಡುತ್ತಿದ್ದರು. ಹೇಳಿದ ಸುಳ್ಳಿಗೆ ಒಂದು ಊರುಗೋಲು ಇರಲೆಂದು, “ಕೊತ್ತಂಬರಿ ಎಷ್ಟು ಘಮಘಮ ಅಂತಿದೆ ಅಲ್ವಾ?” ಎಂದೆ.

ಡಬ್ಬಿಗಳ ಪರೀಕ್ಷೆ ನಿಂತುಹೋಯಿತು. ಪ್ರತಿ ಶನಿವಾರ ಬಾನ್ ಮಿಗೆ ಹೋಗುವುದು ರೂಢಿಯಾಯಿತು. ನಾನೂ ಪಳಗಿದೆ. ರೈಲಿನಲ್ಲಿ ಮೂಗು ಮುಚ್ಚಿಕೊಂಡು, “ಯಾರೋ ಸೆಂಟಲ್ಲೇ ಸ್ನಾನ ಮಾಡ್ಕೊಂಡು ಬಂದಿದಾರೆ,” ಎಂದು ಪಿಸುಗುಡುತ್ತಿದ್ದೆ. ಅವರು ನಗುತ್ತಿದ್ದರು. ಮನೆಯಲ್ಲಿ ಮಾತ್ರ ಮೊದಲಿನ ಹಾಗೆಯೇ ಎರಡು ತುತ್ತು. ವಯಸ್ಸಾಯಿತು, ಸೇರುವುದಿಲ್ಲ ಎಂದು ನೆಪ ಹೇಳುತ್ತಿದ್ದೆ.

ಜೂನ್ ತಿಂಗಳ ಒಂದು ಶನಿವಾರ. ಗಾಡಿಯ ಮುಂದೆ ಸಾಲು ಉದ್ದವಿತ್ತು. ನಾನು ಗೋಡೆಯ ಮೇಲೆ ಜಾಗ ಹಿಡಿದು ಕೂತೆ, ಗಂಡ ನಿಂತು ತಂದರು. ಮೊದಲ ತುತ್ತಿಗೇ ನಾನು, “ಇವತ್ತಂತೂ ಕೊತ್ತಂಬರಿ ಘಮ್ಮಂತಿದೆ ರೀ,” ಎಂದೆ.

ಅವರ ಬಾಯಿ ಆಡುವುದು ನಿಂತಿತು. ಆಮೇಲೆ ರಸ್ತೆಯ ಕಡೆ ನೋಡುತ್ತಾ, “ಹೂಂ, ಘಮ್ಮಂತಿದೆ,” ಎಂದರು.

ಅಷ್ಟರಲ್ಲಿ ಗಾಡಿಯ ಹೆಂಗಸು ಒಂದು ಬಟ್ಟಲು ಕ್ಯಾರೆಟ್ ಹಿಡಿದು ನಮ್ಮತ್ತ ಬಂದರು. ಇವತ್ತು ಕೊತ್ತಂಬರಿ ಬಂದೇ ಇಲ್ಲ, ಕ್ಷಮಿಸಿ, ಅದರ ಬದಲು ಇದನ್ನು ಇಟ್ಟುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿ ಬಟ್ಟಲನ್ನು ನನ್ನ ಕೈಗಿತ್ತು ಹೋದರು. ಬಟ್ಟಲನ್ನು ನಮ್ಮ ನಡುವೆ ಇಟ್ಟು, ಬ್ರೆಡ್ ಬಿಡಿಸಿ ನೋಡಿದೆ. ಒಂದು ಎಲೆಯೂ ಇರಲಿಲ್ಲ.

ನಾಚಿಕೆಯಿಂದ ಮುಖ ಉರಿಯಿತು. ತಪ್ಪು ಮಾಡಿದವಳು ನಾನು, ಸಿಟ್ಟು ಬಂದದ್ದೂ ನನಗೇ.

“ಇಲ್ಲ ಅಂತ ಗೊತ್ತಿದ್ದೂ ಹೂಂ ಅಂದ್ರಾ? ಆಟ ಆಡಿಸ್ತಿದೀರಾ ನನ್ನ? ಎಷ್ಟು ದಿನದಿಂದ ಗೊತ್ತು ನಿಮಗೆ?”

“ಮೊದಲನೇ ವಾರದಿಂದ್ಲೂ ಗೊತ್ತು ಕಣೇ. ಆ ಸೋಮವಾರ ಹಾಲು ಸೀದು ಮನೆಯೆಲ್ಲಾ ನಾರ್ತಿತ್ತು. ನೀನು ಒಲೆಗೆ ಬೆನ್ನು ಹಾಕ್ಕೊಂಡು ಫೋನಲ್ಲಿ ನಿಮ್ಮಕ್ಕನ ಜೊತೆ ನಗ್ತಾ ಇದ್ದೆ. ನಾನೇ ಬಂದು ಒಲೆ ಆರಿಸ್ದೆ.”

“ಮತ್ತೆ ಕೇಳಬಾರದಿತ್ತಾ? ಗೊತ್ತಿದ್ದೂ ಯಾಕೆ ವಾರವಾರ ಇಲ್ಲಿಗೆ ಕರ್ಕೊಂಡು ಬಂದ್ರಿ?”

ಅವರು ಕೈಯಲ್ಲಿದ್ದ ಕಾಗದವನ್ನು ಮಡಿಸಿದರು, ಮತ್ತೆ ಬಿಡಿಸಿದರು.

“ನೀನು ಪೂರ್ತಿ ತಿನ್ನೋದು ಇದೊಂದೇ. ಕೇಳಿದ್ರೆ ಎಲ್ಲಿ ಇದನ್ನೂ ಬಿಟ್ಬಿಡ್ತೀಯೋ ಅಂತ ಭಯ ಆಯ್ತು.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ಗಲ್ಲಿಯಲ್ಲಿ, ಅಷ್ಟು ಜನರ ನಡುವೆ, ನನಗೆ ಅಳು ಬಂತು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಮದುವೆಯಾದ ಹೊಸತರಲ್ಲೂ ಉಕ್ಕಿರಲಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಆಗ ಹೇಳಿದೆ.

“ಸಾರು ಹೋಗ್ಲಿ, ಕಾಫಿ ಹೋಗ್ಲಿ ರೀ. ಪಕ್ಕದಲ್ಲಿ ಮಲಗಿದ್ರೂ ನಿಮ್ಮ ವಾಸನೆ ನಂಗೆ ಗೊತ್ತಾಗಲ್ಲ. ಯಾರೋ ಬೇರೆಯವರ ಪಕ್ಕ ಮಲಗಿದೀನಿ ಅನ್ನಿಸತ್ತೆ.”

ಅವರು ನಮ್ಮಿಬ್ಬರ ನಡುವೆ ಇದ್ದ ಕ್ಯಾರೆಟ್ ಬಟ್ಟಲನ್ನು ಎತ್ತಿ ಆಚೆ ಇಟ್ಟರು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಸರಿದು ಕೂತರು.

“ನಾನೇ ಕಣೇ,” ಎಂದರು.