ಬಲಗಡೆಯ ಹೂವು

ಜಗತ್ತು ಈಗ ಅಂಗೈಯಷ್ಟಾಗಿದೆ ಎಂದು ಯಾರಾದರೂ ವೇದಿಕೆಯ ಮೇಲೆ ಭಾಷಣ ಬಿಗಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಗೈಯಷ್ಟೇ ಇದ್ದರೆ ಅದರಲ್ಲಿ ಒಬ್ಬ ಮನುಷ್ಯ ತನ್ನ ಲಾರಿಯ ಸಮೇತ ಕಳೆದುಹೋಗುವುದು ಹೇಗೆ? ಹುಡುಕಿದರೆ ಸಿಗಬೇಕಲ್ಲ? ಎದ್ದು ನಿಂತು ಹಾಗೆಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ. ಕೊಟ್ಟ ಚಹಾ ಕುಡಿದು ಬಸ್ಸು ಹಿಡಿಯುತ್ತೇನೆ.

ಒಂದು ಕಾಲಕ್ಕೆ ಜಗತ್ತಿನ ಸುದ್ದಿಯೆಂದರೆ ನನಗೆ ಪ್ರಾಣ. ಆ ಹುಚ್ಚು ಹಿಡಿಸಿದವನು ಅಪ್ಪ. ನಮ್ಮದು ಅಂಕೋಲಾ ತಾಲೂಕಿನ ಬೆಳಂಬಾರದಲ್ಲಿ ಸಮುದ್ರಕ್ಕೆ ಕೂಗಳತೆಯ ಮನೆ. ಒಂದಿಷ್ಟು ಗದ್ದೆ, ಭತ್ತ ಕೊಯ್ದ ಮೇಲೆ ಅದರಲ್ಲೇ ಶೇಂಗಾ. ಗದ್ದೆಯನ್ನು ಅಜ್ಜಿ ಮತ್ತು ನನ್ನ ತಾಯಿ, ಅಂದರೆ ನಮ್ಮ ಆಯಿ, ನೋಡಿಕೊಳ್ಳುತ್ತಿದ್ದರು. ಅಪ್ಪ ಅದಿರು ಲಾರಿ ಓಡಿಸುತ್ತಿದ್ದ. ಘಟ್ಟದ ಮೇಲಿನಿಂದ ಬಂದರಿಗೆ ಅದಿರು ತಂದು ಸುರಿದು ಮನೆಗೆ ಬಂದಾಗ ಹುಬ್ಬು, ಕಿವಿ, ಅಂಗಿಯ ಕಾಲರು ಎಲ್ಲ ಕೆಂಪು. ಸ್ನಾನ ಮುಗಿಸಿ ಜಗಲಿಯಲ್ಲಿ ಚಹಾದ ಲೋಟ ಹಿಡಿದು ಕೂತನೆಂದರೆ ನಾನು ಪೇಪರು ಓದಬೇಕು. ಊರಿನ ಸುದ್ದಿ ಬೇಡ, ಅದು ಅವನಿಗೆ ದಾರಿಯಲ್ಲೇ ಸಿಕ್ಕಿರುತ್ತಿತ್ತು. ವಿದೇಶದ ಪುಟ ಮಾತ್ರ.

ಒಂದು ಊರಿನ ಹೆಸರು ಬಂದರೆ ಸಾಕು, "ಅದು ಎಲ್ಲಿ ಬರ್ತದೆ, ತೋರ್ಸು" ಎನ್ನುತ್ತಿದ್ದ. ಗೋಡೆಗೆ ಹಚ್ಚಿದ್ದ ಜಗತ್ತಿನ ನಕಾಶೆಯ ಮೇಲೆ ನಾನು ಬೆರಳಿಡಬೇಕು. ತಪ್ಪಿದರೆ ಅವನೇ ಎದ್ದು ಬಂದು ಹುಡುಕುತ್ತಿದ್ದ. ಅಜ್ಜಿಗೆ ಇದೆಲ್ಲ ತಮಾಷೆ. "ಆ ಊರಿನ ಸುದ್ದಿ ತಗಂಡು ನೀವು ಅಪ್ಪ ಮಗಳು ಎಂತಾ ಮಾಡ್ತ್ರಿ? ಬಾವಿ ಹಗ್ಗ ಹರಿಯೂಕೆ ಬಂದದೆ, ಅದ್ನ ನೋಡಿ ಮೊದ್ಲು" ಎಂದು ಒಳಗಿಂದಲೇ ಕೂಗುತ್ತಿದ್ದಳು. ಅಪ್ಪ ನನ್ನತ್ತ ಕಣ್ಣು ಹೊಡೆಯುತ್ತಿದ್ದ. ಶಾಲೆಯ ರಸಪ್ರಶ್ನೆಯಲ್ಲಿ ನಾನು ಗೆದ್ದ ಪ್ಲಾಸ್ಟಿಕ್ ಕಪ್ಪನ್ನು ಅವನು ಕೆಲವು ದಿನ ಲಾರಿಯ ಮುಂದೆ ದೇವರ ಫೋಟೋದ ಪಕ್ಕ ಇಟ್ಟುಕೊಂಡು ತಿರುಗಿದ್ದ.

ಇರಾಕಿನಲ್ಲಿ ಯುದ್ಧ ಶುರುವಾದಾಗ ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದೆ. ಓದು ಬಿಟ್ಟು ಅಪ್ಪನ ಜೊತೆ ಟೀವಿ ಮುಂದೆ ಕೂತಿರುತ್ತಿದ್ದೆ. ಹಸಿರು ಬಣ್ಣದ ಆಕಾಶದಲ್ಲಿ ಬೆಂಕಿ ಹಾರುವುದು ಕಾಣುತ್ತಿತ್ತು. ಬಸ್ರಾ, ಬಾಗ್ದಾದ್, ಟೈಗ್ರಿಸ್ ನದಿ, ಎಲ್ಲ ನನಗೆ ಬಾಯಿಪಾಠ. ಆ ಹೆಸರುಗಳ ಕೆಳಗೆ ಮನೆಗಳಿವೆ, ಮನೆಯಲ್ಲಿ ಹೆಂಗಸರು ಅನ್ನಕ್ಕೆ ನೀರಿಟ್ಟಿರುತ್ತಾರೆ ಎಂಬ ಯೋಚನೆ ನನ್ನ ತಲೆಗೆ ಬಂದಿರಲಿಲ್ಲ. ಆಯಿ ಮಾತ್ರ ಬಾಗಿಲಲ್ಲಿ ನಿಂತು ನೋಡಿ "ಬಂದ್ ಮಾಡಿ ಅದ್ನ" ಎಂದು ಒಳಗೆ ಹೋಗುತ್ತಿದ್ದಳು.

ಆಮೇಲೆ ಯುದ್ಧ ಮುಗಿಯಿತು ಎಂದು ಪೇಪರಿನಲ್ಲಿ ಬಂತು. ದಪ್ಪ ಅಕ್ಷರದಲ್ಲಿ ಬಂದಿದ್ದನ್ನು ನಾನೇ ಗಟ್ಟಿಯಾಗಿ ಓದಿದ್ದೆ. ಆ ಮಳೆಗಾಲ ಕಳೆಯುತ್ತಲೇ ಅಪ್ಪ ಕುವೈತಿಗೆ ಹೊರಟ. ಅಲ್ಲಿ ದೊಡ್ಡ ಟ್ರೇಲರ್ ಓಡಿಸುವ ಕೆಲಸ. ಕೆಲವು ವರ್ಷ ದುಡಿದು ಬಂದು ಸ್ವಂತ ಲಾರಿ ಮಾಡಬೇಕೆಂಬುದು ಅವನ ಆಸೆ. ಆಯಿ ಅತ್ತಳು. "ಯುದ್ಧ ಮುಗೀತಲಾ ಮಾರಾಯ್ತಿ, ಪೇಪರ್ನವ್ರೇ ಬರ್ದಾರೆ" ಎಂದು ಅವನು ನಕ್ಕ. ಬರೆದವರು ಯಾರೋ, ಎಲ್ಲಿ ತಣ್ಣಗೆ ಕೂತು ಬರೆದರೋ, ಅವರು ಸಿಕ್ಕರೆ ನನಗೆ ಈಗಲೂ ಒಂದು ಮಾತು ಕೇಳುವುದಿದೆ.

ಅಲ್ಲಿ ವಾರದ ರಜೆ ಶುಕ್ರವಾರ. ಶುಕ್ರವಾರ ಬೆಳಿಗ್ಗೆ ಆಯಿ ತಲೆಸ್ನಾನ ಮಾಡಿ, ಹೂ ಮುಡಿದು, ಟೆಲಿಫೋನಿನ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆ ತೆಗೆದಿಟ್ಟು ಕಾಯುತ್ತಿದ್ದಳು. ಅಪ್ಪ ಮೊದಲು ಅವಳ ಹತ್ತಿರ ಮಾತಾಡುತ್ತಿದ್ದ, ಆಮೇಲೆ ಅಜ್ಜಿಯ ಹತ್ತಿರ, ಕೊನೆಗೆ ನನ್ನ ಹತ್ತಿರ. ನಾನು ಕಾಲೇಜಿಗೆ ಸೇರಿದ್ದೆ. "ಎಲ್ಲಿದ್ದೆ ಈಗ, ನಕಾಶೆಲಿ ತೋರ್ಸು ಅಂದ್ರೆ ಎಲ್ಲಿ ಬೆರಳಿಡ್ಲಿ?" ಎಂದು ಕೇಳಿದರೆ ಗಡಿಯ ಹತ್ತಿರ ಎನ್ನುತ್ತಿದ್ದ. ಲಾರಿಗಳ ಸಾಲಿನಲ್ಲಿ ಗಡಿ ದಾಟಿ ಇರಾಕಿಗೂ ಸಾಮಾನು ಒಯ್ಯುತ್ತಿದ್ದಾನೆಂದು ನನಗೊಬ್ಬಳಿಗೇ ಹೇಳಿದ್ದ. ಆಯಿಗೆ ಹೇಳಬೇಡ ಎಂದಿದ್ದ. ಅವಳಿಗೆ ಅದು ಮೊದಲೇ ಗೊತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಫೋನು ಬರಲಿಲ್ಲ. ಮತ್ತೊಂದು ಶುಕ್ರವಾರವೂ ಬರಲಿಲ್ಲ. ಅವನ ಜೊತೆ ಕೆಲಸಕ್ಕಿದ್ದ ಕಾರವಾರದ ಡ್ರೈವರೊಬ್ಬರು ಫೋನು ಮಾಡಿ, ಸಾಲಿನಲ್ಲಿ ಹಿಂದಿದ್ದ ಲಾರಿಗಳು ತಿರುಗಿ ಬಂದವು, ಮುಂದಿದ್ದವು ಬರಲಿಲ್ಲ, ಅಪ್ಪನದು ಮುಂದಿತ್ತು ಎಂದರು. ಟೀವಿಯಲ್ಲಿ ಕೆಳಗೆ ಓಡುವ ಪಟ್ಟಿಯಲ್ಲಿ ಒಂದು ಸಾಲು ಬಂತು: ಕೆಲವು ಲಾರಿ ಚಾಲಕರು ನಾಪತ್ತೆ. ಯಾವ ದೇಶದವರು, ಯಾರು, ಏನೂ ಇಲ್ಲ. ಆ ಸಾಲು ತಿರುಗಿ ಬರಲಿ ಎಂದು ನಾನು ಕಣ್ಣು ಮಿಟುಕಿಸದೆ ಕಾದೆ. ಅದರ ಜಾಗದಲ್ಲಿ ಕ್ರಿಕೆಟ್ಟಿನ ಸ್ಕೋರು ಬಂತು. ಇಷ್ಟು ವರ್ಷ ನಾನು ಬಾಯಿಪಾಠ ಮಾಡಿದ್ದ ಸುದ್ದಿಗಳೆಲ್ಲ ಯಾರದೋ ಮನೆಯ ಇಂಥ ಒಂದೊಂದು ಸಾಲು ಎಂದು ಅವತ್ತು ಅರ್ಥವಾಯಿತು. ಎದ್ದು ಹೋಗಿ ನಕಾಶೆಯನ್ನು ಕಿತ್ತು ಒಲೆಗೆ ಹಾಕಿದೆ. ಯಾರೂ ಬೇಡವೆನ್ನಲಿಲ್ಲ.

ಆಯಿ ಮತ್ತು ನಾನು ಕಾರವಾರದ ಕಚೇರಿಗಳಿಗೆ ಅಲೆದೆವು. ಅಲ್ಲಿಯವರು ಕೆಟ್ಟವರೇನಲ್ಲ. ಕೂರಿಸಿ, ನೀರು ಕೊಟ್ಟು, ದಿಲ್ಲಿಗೆ ಫೋನು ಹಚ್ಚಿದರು. ಎಲ್ಲರಿಂದಲೂ ಒಂದೇ ಮಾತು, ಮಾಹಿತಿ ಇಲ್ಲ. ಕಂಪನಿಯವರೂ ಅದನ್ನೇ ಹೇಳಿದರು. ಸತ್ತಿದ್ದಾನೆ ಎಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆ ಎಂದೂ ಹೇಳಲಿಲ್ಲ. ಹೀಗೆ ತಿರುಗಿ ತಿರುಗಿ ಸೋತ ಮೇಲೆ ಒಂದು ದಿನ ಆಯಿ ಮನೆಗೆ ಹೋಗುವ ಅಂಕೋಲೆಯ ಬಸ್ಸು ಹತ್ತದೆ ನನ್ನನ್ನು ತನ್ನ ತವರಿನ ಕಡೆ, ಕಿನ್ನರವೆಂಬ ಊರಿನ ಆಚೆಯ ಒಂದು ಸಣ್ಣ ದೇವಿಯ ಗುಡಿಗೆ ಕರೆದುಕೊಂಡು ಹೋದಳು. ಪ್ರಸಾದ ಕೇಳಬೇಕು ಎಂದಳು.

ನಮ್ಮ ಕಡೆ ಏನೇ ಕಷ್ಟ ಬಂದರೂ ಪ್ರಸಾದ ಕೇಳುವುದುಂಟು. ಪೂಜಾರಿ ದೇವಿಯ ಕಲ್ಲಿನ ಮೈಗೆ ನೀರು ಸವರಿ, ಬಲಗಡೆ ಒಂದು ಎಡಗಡೆ ಒಂದು ಪುಟ್ಟ ಕೆಂಪು ಕೇಪಳದ ಹೂ ಅಂಟಿಸುತ್ತಾನೆ. ನಾವು ಕೈ ಮುಗಿದು ಪ್ರಶ್ನೆ ಕೇಳಬೇಕು. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಹೂ ಬೀಳುವವರೆಗೆ ಎಷ್ಟು ಹೊತ್ತಾದರೂ ಕೂರಬೇಕು. ಮದುವೆ, ಬಾವಿ ತೋಡುವ ಜಾಗ, ಕಳೆದುಹೋದ ಎಮ್ಮೆ, ಎಲ್ಲಕ್ಕೂ ಹೀಗೆಯೇ ಉತ್ತರ ಬಂದಿರುತ್ತದೆ. ಅಲ್ಲಿಯ ಪೂಜಾರಿಯಜ್ಜ ಆಯಿಯನ್ನು ಸಣ್ಣವಳಿದ್ದಾಗಿನಿಂದ ಬಲ್ಲವರು. ಆಯಿ ತನ್ನ ಕೊಂಕಣಿಯಲ್ಲಿ ಕೇಳಿದಳು, ಅವರು ಬರುತ್ತಾರಾ ಎಂದು. ಅಷ್ಟೇ. ನಾವು ಕೂರುವ ಮೊದಲೇ ಬಲಗಡೆಯ ಹೂ ಬಿತ್ತು.

ಆಯಿ ಅದನ್ನು ಮುಡಿದುಕೊಂಡು ಮನೆಗೆ ಬಂದಳು.

ಆ ಡಿಸೆಂಬರಿನಲ್ಲಿ ಸುನಾಮಿ ಬಂತು. ನಮ್ಮ ಕಡೆಗಲ್ಲ, ಪೂರ್ವದ ದಂಡೆಗೆ. ಟೀವಿಯಲ್ಲಿ ಅಲೆಗಳು, ಹೆಣಗಳು. ಲಾರಿ ಚಾಲಕರ ಸುದ್ದಿ ಇನ್ನೆಲ್ಲಿ ಬರಬೇಕು? ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಇಲ್ಲಿಗೂ ಅಲೆ ಬರುತ್ತದಂತೆ ಎಂದು ಗುಲ್ಲೆದ್ದಿತು. ಬೆಳಂಬಾರದಲ್ಲಿ ಜನ ಗಂಟು ಮೂಟೆ ಕಟ್ಟಿ ಓಡತೊಡಗಿದರು. ದೂರದ ಕಾಡಿನ ಕಡೆಯ ಹಿಲ್ಲೂರಿಗೆ ಮದುವೆ ಮಾಡಿ ಕೊಟ್ಟಿದ್ದ ನಮ್ಮ ಸೋದರತ್ತೆ ಟೆಂಪೋ ಕಳಿಸಿದಳು. ಅಜ್ಜಿ ಹತ್ತಿದಳು, ನಾನೂ ಹತ್ತಿದೆ. ಆಯಿ ಬರಲಿಲ್ಲ. ಇಳಿದು ಒಳಗೆ ಹೋಗಿ ನೋಡಿದರೆ ಟೆಲಿಫೋನಿನ ಪಕ್ಕ ಚಾಪೆ ಹಾಸಿ ಕೂತಿದ್ದಾಳೆ.

"ಆಯಿ, ಏಳು. ಅಲೆ ಬರ್ತದಂತೆ."

"ಬಂದ್ರೆ ಬರ್ಲಿ. ಫೋನ್ ಬಂದ್ರೆ ಎತ್ತೂವರು ಯಾರು?"

ಅಳುತ್ತಾ ಕೈ ಹಿಡಿದು ಎಳೆದೆ, ಬೈದೆ. ಅವಳು ಜಗ್ಗಲಿಲ್ಲ. ಅಜ್ಜಿಯನ್ನು ಕಳಿಸಿ ನಾನು ಅವಳ ಪಕ್ಕ ಕೂತೆ. ಊರಿಗೆ ಊರೇ ಖಾಲಿ. ನಾಯಿಗಳು ಮಾತ್ರ ಬೊಗಳುತ್ತಿದ್ದವು. ಸಮುದ್ರ ದಿನವೂ ಮಾಡುವಷ್ಟೇ ಸದ್ದು ಮಾಡುತ್ತಿತ್ತು. ಒಂದೊಂದು ಅಲೆಯ ಸದ್ದಿಗೂ ನಾನು ಹೆದರಿ ಬಾಗಿಲ ಕಡೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹೆದರಿಕೆಯೂ ಹೋಯಿತು. ಬಂದರೆ ಬರಲಿ, ಇಬ್ಬರನ್ನೂ ಒಯ್ಯಲಿ, ಈ ಕಾಯುವುದಾದರೂ ಮುಗಿಯಲಿ ಎನಿಸಿತು. ಹದಿನೇಳು ವರ್ಷಕ್ಕೆ ಹಾಗೆ ಅನಿಸಬಾರದು, ಆದರೆ ಅನಿಸಿತು. ಅಲೆಯೂ ಬರಲಿಲ್ಲ, ಫೋನೂ ಬರಲಿಲ್ಲ. ಸಂಜೆ ಜನ ಒಬ್ಬೊಬ್ಬರೇ ನಗುತ್ತಾ ತಿರುಗಿ ಬಂದರು.

ಆಮೇಲಿನ ವರ್ಷಗಳನ್ನು ಹೇಗೆ ಹೇಳಲಿ? ಆಯಿ ಶುಕ್ರವಾರದ ತಲೆಸ್ನಾನ ಬಿಡಲಿಲ್ಲ, ಹೂ ಬಿಡಲಿಲ್ಲ. ಅಜ್ಜಿಗೆ ಮಾತ್ರ ಮಗ ಹೋದನೆಂಬುದು ಖಾತ್ರಿಯಾಗಿತ್ತು. ಕನಸಿನಲ್ಲಿ ಬಂದು ನೀರು ಕೇಳುತ್ತಾನೆ ಎನ್ನುತ್ತಿದ್ದಳು. ಪಿತೃಪಕ್ಷದಲ್ಲಿ ಹಿರಿಯರ ಎಡೆಯ ಪಕ್ಕ ಅವಳು ಇನ್ನೊಂದು ಎಲೆ ಹಾಕಿ, ಅಪ್ಪನಿಗೆ ಇಷ್ಟವಾದ ಉದ್ದಿನ ವಡೆ ಇಟ್ಟಳು. ಆಯಿ ಬಂದವಳೇ ಆ ಎಲೆಯನ್ನು ಎತ್ತಿಬಿಟ್ಟಳು.

"ಬದುಕಿದ್ದವ್ರಿಗೆ ಎಡೆ ಇಡೂದಾ?"

"ನಂಗೆ ಅಂವ ಮಗ. ನಂಗೆ ಗೊತ್ತಾಗೂದಿಲ್ವಾ? ಒಂದು ಹಿಡಿ ಎಳ್ಳುನೀರು ಬಿಡೂಕೆ ಬಿಡು."

"ದೇವಿ ಹೇಳ್ಯದೆ, ಅವ್ರು ಬತ್ರು ಅಂತ."

ಅಲ್ಲಿಗೆ ಅವರಿಬ್ಬರ ಮಾತು ನಿಂತಿತು. ಒಂದೇ ಒಲೆ, ಒಂದೇ ಬಾವಿ, ಮಾತಿಲ್ಲ. ಅಜ್ಜಿಗೆ ಗಂಜಿ ಬೇಕೆಂದು ನಾನು ಹೇಳಬೇಕು, ಆಯಿ ಬಡಿಸಿಟ್ಟಿದ್ದಾಳೆಂದು ನಾನು ಹೇಳಬೇಕು. ಒಬ್ಬಳು ನನ್ನ ಅಪ್ಪನನ್ನು ಬದುಕಿಸಲು ನೋಡುತ್ತಿದ್ದಳು, ಇನ್ನೊಬ್ಬಳು ಅವನನ್ನು ಕಳಿಸಿಕೊಡಲು. ಇಬ್ಬರದೂ ಪ್ರೀತಿಯೇ. ನಡುವೆ ನನಗೆ ಉಸಿರು ಕಟ್ಟುತ್ತಿತ್ತು. ಓದು ಮುಗಿಸಿ ಕಾರವಾರದಲ್ಲಿ ಕೆಲಸ ಸಿಕ್ಕಾಗ ದಿನವೂ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂರುವುದೇ ನನ್ನ ವಿಶ್ರಾಂತಿ.

ಐದು ವರ್ಷ ಕಳೆದಿತ್ತು. ಅಜ್ಜಿ ಹಾಸಿಗೆ ಹಿಡಿದಳು. ದರ್ಭೆಯ ಬೊಂಬೆ ಮಾಡಿ ಸುಟ್ಟಾದರೂ ಮಗನ ಕ್ರಿಯೆ ಮಾಡಿ, ಬೇಕಾದರೆ ಅದೇ ದೇವಿಯನ್ನು ಇನ್ನೊಮ್ಮೆ ಕೇಳಿ ಎಂದು ನನ್ನ ಕೈ ಹಿಡಿದುಕೊಂಡಳು. ಪ್ರಸಾದಕ್ಕೆ ದಿನ ಗೊತ್ತು ಮಾಡಲು ಕೆಲಸದಿಂದ ಬರುವಾಗ ನಾನೊಬ್ಬಳೇ ಗುಡಿಗೆ ಹೋದೆ. ಪೂಜಾರಿಯಜ್ಜ ಮೆಟ್ಟಿಲ ಮೇಲೆ ಕೂತಿದ್ದರು. ವಿಷಯ ಕೇಳಿ, ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ನನ್ನನ್ನು ಬಾಯ್ ಎಂದು ಕರೆದು ಹೇಳಿದರು.

"ಆವತ್ತು ನಿನ್ನ ಆಯಿ ಮುಖ ನೋಡೂಕಾಗ್ಲಿಲ್ಲ ಬಾಯ್. ಎಡಗಡೆ ಹೂವಿಗೆ ಗಂಧ ಹಚ್ಚಿ ಅಂಟಿಸ್ದೆ. ಬಲಗಡೆದಕ್ಕೆ ಬರೀ ನೀರು. ಸ್ವಲ್ಪ ದಿನ ಧೈರ್ಯ ಇರ್ಲಿ ಅಂತ ಮಾಡ್ದೆ. ಇಷ್ಟು ವರ್ಷ ಕಾಯ್ತಾಳೆ ಅಂತ ನಂಗೆ ಗೊತ್ತಿರ್ಲಿಲ್ಲ."

ನನಗೆ ಅವರ ಮೇಲೆ ಸಿಟ್ಟು ಬಂದದ್ದು ಸಣ್ಣ ಸಿಟ್ಟಲ್ಲ. ನಮ್ಮ ಮನೆಯ ಐದು ವರ್ಷ ಒಂದು ಚಿಟಿಕೆ ಗಂಧದ ಮೇಲೆ ನಿಂತಿತ್ತು. ಬಾಯಿಗೆ ಬಂದಂತೆ ಅಂದುಬಿಡಬೇಕೆಂದು ನೋಡಿದರೆ ಮುದುಕ ಅಳುತ್ತಿದ್ದರು. ಎದ್ದು ಬಂದೆ.

ಮನೆಯಲ್ಲಿ ಆಯಿ ಜಗಲಿಯಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಹೇಳಬಾರದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಅವಳ ಮುಂದೆ ಕೂರುತ್ತಲೇ ಎಲ್ಲ ಹೇಳಿಬಿಟ್ಟೆ. ಅವಳ ಕೈ ನಿಲ್ಲಲಿಲ್ಲ.

"ನೋಡಿದ್ದೆ" ಎಂದಳು.

"ಎಂತಾ ನೋಡಿದ್ದೆ?"

"ಅಜ್ಜ ಗಂಧದ ಬಟ್ಲಿಗೆ ಬೆರಳು ಹಾಕಿದ್ದು. ಸಣ್ಣಾಗಿರುವಾಗಿಂದ ಆ ಗುಡೀಲಿ ಪ್ರಸಾದ ನೋಡ್ದವ್ಳು ನಾನು. ತಿಳೂದಿಲ್ವಾ?"

"ಮತ್ತೆ ಯಾಕೆ ಸುಮ್ನಿದ್ದೆ ಇಷ್ಟು ವರ್ಷ?"

"ಕಂಪನಿಯವ್ರು ಗೊತ್ತಿಲ್ಲ ಅಂದ್ರು. ಆಫೀಸ್ನವ್ರು ಗೊತ್ತಿಲ್ಲ ಅಂದ್ರು. ಟೀವಿಯವ್ರು ಹೇಳೂದೇ ಬಿಟ್ರು. ಅಷ್ಟು ದೊಡ್ಡ ಜಗತ್ತಲ್ಲಿ ಬತ್ರು ಅಂತ ಹೇಳಿದ್ದು ಆ ಅಜ್ಜ ಒಬ್ರೇ. ಸುಳ್ಳಾದ್ರೂ ಅದ್ನ ಹೆಂಗೆ ಬಿಡ್ಲಿ?"

ಒಳಗೆ ಅಜ್ಜಿ ಕೆಮ್ಮುತ್ತಿದ್ದಳು. ಆಯಿ ಆ ಕಡೆ ಕಿವಿಗೊಟ್ಟಳು. ಮಡಿಲಿನ ಸಿಪ್ಪೆ ಕೊಡವಿದಳು.

"ಸಾಕಾಯ್ತು ಬಾಯ್. ಈ ಸಲ ಬಲಗಡೆದಕ್ಕೆ ಗಂಧ ಹಚ್ಚೂಕೆ ಹೇಳು."

ನಾನು ಹೋಗಿ ಹೇಳಿ ಬಂದೆ. ಗೊತ್ತು ಮಾಡಿದ ದಿನ ಅಜ್ಜಿಯನ್ನು ಕಾರಿನಲ್ಲಿ ಮಲಗಿಸಿ ಕರೆದುಕೊಂಡು ಹೋದೆವು. ಆಯಿ ತಲೆಸ್ನಾನ ಮಾಡಿ, ದೊಡ್ಡ ಕುಂಕುಮ ಇಟ್ಟು, ಅಪ್ಪ ಕುವೈತಿನಿಂದ ಕಳಿಸಿದ್ದ ಸೀರೆ ಉಟ್ಟಿದ್ದಳು. ಪೂಜಾರಿಯಜ್ಜ ಬಲಗಡೆಯ ಹೂವನ್ನು ಗಂಧ ಹಚ್ಚಿ ಅಂಟಿಸಿದರು, ಎಡಗಡೆಯದನ್ನು ಬರೀ ನೀರಿನಲ್ಲಿ. ಆಯಿ ಕೇಳಿದ್ದು ಅದೇ ಪ್ರಶ್ನೆ, ಅವರು ಬರುತ್ತಾರಾ. ಏನಾಗುತ್ತದೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳು ಬಲಗಡೆಯ ಹೂವನ್ನೇ ನೋಡುತ್ತಾ ನಿಂತಿದ್ದಳು.

ಎಡಗಡೆಯದು ಬಿತ್ತು. ಅಜ್ಜಿ ಮಗನ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ಪೂಜಾರಿಯಜ್ಜ ಬಿದ್ದ ಹೂವನ್ನು ತಂದು, ಮುಖ ನೋಡದೆ, ಆಯಿಯ ಕೈಯಲ್ಲಿಟ್ಟರು. ಆಯಿ ಅದನ್ನು ಮುಡಿಗೆ ಸಿಕ್ಕಿಸಿಕೊಳ್ಳಲು ನೋಡಿದಳು. ಪುಟ್ಟ ಹೂವು, ನಿಲ್ಲಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಅಜ್ಜಿ ನನ್ನ ಭುಜ ಹಿಡಿದು ಎದ್ದಳು. ಆಯಿಯ ಹಿಂದೆ ನಿಂತು, ಅವಳ ಕೈಯಿಂದ ಹೂ ತೆಗೆದುಕೊಂಡು, ಮುಡಿಯಲ್ಲಿ ಗಟ್ಟಿಯಾಗಿ ಸಿಕ್ಕಿಸಿದಳು.

"ಇವತ್ತೊಂದಿನ ಇರ್ಲಿ" ಎಂದಳು.